ಇಪ್ಪತ್ತೈದು ವರ್ಷದ ಬೂಚು

ಬೂಚು ತುಂಡಾಯಿತು. ಅರ್ಧ ಕಲೀಮುಲ್ಲಾನ ಕೈಯಲ್ಲಿ, ಅರ್ಧ ಬಾಟಲಿಯ ಕತ್ತಿನಲ್ಲಿ.

ಭಾನುವಾರ ಮಧ್ಯಾಹ್ನ ಮೂರು ಗಂಟೆ. ರಾಯಚೂರಿನ ಕೋಟೆ ಕ್ಲಬ್ಬಿನ ಹಿಂದಿನ ಕೋಣೆ. ತಿಂಗಳಿಗೊಮ್ಮೆ ಮೂವರು ಸದಸ್ಯರು ಇಲ್ಲಿ ಕೂತು ಸ್ಕಾಚ್ ವಿಸ್ಕಿಗಳ ರುಚಿ ಹೋಲಿಸುತ್ತಿದ್ದರು. ಮೊದಲು ಹನ್ನೆರಡು ವರ್ಷದ್ದು, ಆಮೇಲೆ ಹದಿನೆಂಟರದ್ದು, ಕೊನೆಗೆ ಇಪ್ಪತ್ತೈದು ವರ್ಷ ಪೀಪಾಯಿಯಲ್ಲಿ ಮಲಗೆದ್ದ ಸಿಂಗಲ್ ಮಾಲ್ಟ್. ಸುರಿದು ಕೊಡುವವನು ಕಲೀಮುಲ್ಲಾ. ಅವನು ಹನಿಯನ್ನೂ ಬಾಯಿಗೆ ಬಿಟ್ಟುಕೊಂಡವನಲ್ಲ.

ಗುತ್ತೇದಾರ ಗುಲಾಮ್ ದಸ್ತಗೀರ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. "ವಾಹ್! ಇಪ್ಪತ್ತೈದು ವರ್ಷ ಅಂದ್ರ ಇದು ನೋಡ್ರಿ!"

ಬಾಟಲಿಯ ಒಡೆಯ ಮೌನಪ್ಪ, ದೇವದುರ್ಗದ ನಿವೃತ್ತ ಎಂಜಿನಿಯರ್, ಕುಡಿದದ್ದನ್ನು ವಾಪಸ್ ಗ್ಲಾಸಿಗೇ ಉಗಿದರು. "ಇದು ನನ್ನ ಮಾಲಲ್ಲ. ಯಾವುದೋ ಅಗ್ಗದ ಸರಕು. ಬದ್ಲಿ ಮಾಡ್ಯಾರ."

ಮಾನ್ವಿಯ ಅಕ್ಕಿ ಗಿರಣಿ ಮಾಲೀಕ ಹುಲಿಗೇಶ ಧಡಕ್ಕನೆ ಎದ್ದ. "ಕಪಾಟಿನ ಕೀಲಿ ಯಾರ ಕೈಯಾಗ ಇರ್ತದ? ಕಲೀಮುಲ್ಲಾ, ಜೇಬು ತೆಗಿಲೇ!"

ತಮ್ಮ ಕಲೀಮುಲ್ಲಾನಿಗೆ ಊಟದ ಡಬ್ಬಿ ತಂದಿದ್ದ ಸರ್ವರಿ ಬೇಗಂ ಬಾಗಿಲಲ್ಲೇ ನಿಂತಳು. ತೀನ್ ಕಂದೀಲ್ ವೃತ್ತದ ಹತ್ತಿರದ ಅತ್ತರ್ ಅಂಗಡಿಯವಳು. ಇಪ್ಪತ್ತು ವರ್ಷ ಇದೇ ಕ್ಲಬ್ಬಿನಲ್ಲಿ ಸವೆದ ತಮ್ಮ. ಅವನ ಅಂಗಿಯ ಜೇಬು, ಪ್ಯಾಂಟಿನ ಜೇಬು, ಎಲ್ಲವನ್ನೂ ಹೊರಗೆ ತಿರುವಿ ಹಾಕಿದರು. ಕಲೀಮುಲ್ಲಾ ತಲೆ ಎತ್ತಲಿಲ್ಲ.

* * *

ಪಿಎಸ್‌ಐ ಶಶಿಕಲಾ ಬಂದಳು. ಕಲೀಮುಲ್ಲಾನ ಪೆಟ್ಟಿಗೆಯಲ್ಲಿ ಕಂದು ಬಣ್ಣದ ದ್ರವವಿದ್ದ ಪುಟ್ಟ ಶೀಶೆ ಸಿಕ್ಕಿತು.

"ಸಿಕ್ತಲ್ರೀ ಕದ್ದ ಮಾಲು!" ಅಂದ ಹುಲಿಗೇಶ.

ಸರ್ವರಿ ಮುಂದೆ ಬಂದು ಶೀಶೆ ತೆರೆದಳು. ಒಂದು ಹನಿ ಶಶಿಕಲಾಳ ಮುಂಗೈಗೆ ತಿಕ್ಕಿದಳು. ಕೋಣೆಯೆಲ್ಲ ಘಮ್ಮೆಂದಿತು.

"ಇದು ಊದ್ ಅತ್ತರ್ ಮೇಡಂ. ನಮ್ಮ ಅಂಗಡೀದು. ರುಚಿ ನೋಡೋ ದಿನ ಯಾರೂ ಅತ್ತರ್ ಹಚ್ಚಬಾರದು ಅಂತ ಇವರದೇ ಹುಕುಂ. ಅದಕ್ಕ ಪೆಟ್ಟಿಗ್ಯಾಗ ಇಟ್ಟಾನ."

ಹುಲಿಗೇಶ ನಕ್ಕ. "ಏ ಬೇಗಂ, ಇದು ಸ್ಕಾಚ್ ವಿಚಾರ. ಬುರ್ಖಾದವರಿಗೆ ಏನ್ ತಿಳೀತದ?"

"ಕುಡಿಯೂದು ನಿಮ್ಮ ಶೋಕಿ ಸಾಹೇಬ್ರ. ಮೂಸಿ ಹೇಳೂದು ನಮ್ಮ ಅಜ್ಜನ ಕಾಲದ ಕಸುಬು. ಸರೀರಿ ಅತ್ತಾಗ."

ಅವನು ಸರಿಯಲಿಲ್ಲ. ಇವಳೇ ಮೊಣಕೈಯಿಂದ ಕುರ್ಚಿ ಸರಿಸಿ ಮೇಜಿನ ಬಳಿ ನಿಂತಳು. ಗ್ಲಾಸಿನ ತಳದಲ್ಲಿ ಬೂಚಿನ ಪುಡಿ ಕೂತಿತ್ತು. ಮುರಿದ ಬೂಚನ್ನು ಬೆರಳಲ್ಲಿ ಒತ್ತಿದಳು. ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಉದುರಿತು.

"ಕೀಲಿ ಯಾವಾಗಾರ ಬ್ಯಾರೆಯವರ ಕೈಗೆ ಕೊಟ್ಟಿದ್ದೇನೋ?" ತಮ್ಮನನ್ನು ಕೇಳಿದಳು.

"ಕೈಗೆ ಇಲ್ಲ ಆಪಾ. ಶುಕ್ರವಾರ ನಮಾಜಿಗೆ ಹೋಗೂಮುಂದ ಮೊಳಿಗೆ ತೂಗ್ಹಾಕಿ ಹೋಗ್ತೀನಿ. ಮೊದಲಿಂದ್ಲೂ ಹಂಗ. ಎಲ್ಲಾರಿಗೂ ಗೊತ್ತದ. ಮೊನ್ನಿ ಶುಕ್ರವಾರ ಮೂವರೂ ಊಟಕ್ಕ ಬಂದಿದ್ರು."

ಶಶಿಕಲಾ ಬೂಚನ್ನು ಲಕೋಟೆಗೆ ಹಾಕಿ ಮೊಹರು ಮಾಡಿದಳು. "ಅಮ್ಮಾ, ನಾಳೆ ಸಂಜಿತನ ಕಾಯ್ತೀನಿ. ಬ್ಯಾರೆ ಹೆಸರು ಸಿಗಲಿಲ್ಲಂದ್ರ ನಿಮ್ಮ ತಮ್ಮನ ಮ್ಯಾಲ ಕಳವು ಕೇಸ್ ಹಾಕಬೇಕಾಗ್ತದ."

"ಸಂಜಿ ಯಾಕ್ರಿ? ಮಧ್ಯಾಹ್ನಕ್ಕ ಹೆಸರು ಕೊಡ್ತೀನಿ. ನಾಳೆ ಫೋನ್ ಮಾಡ್ತೀನಿ, ಜೀಪ್ ತಗೊಂಡು ಬರ್ರಿ."

ಹಾಗಂದಳೇನೋ ನಿಜ. ಹೆಸರು ಮಾತ್ರ ಇನ್ನೂ ಅವಳಿಗೇ ಗೊತ್ತಿರಲಿಲ್ಲ.

* * *

ಮೂವರಲ್ಲಿ ದಸ್ತಗೀರನ ಮೇಲಿನ ಅನುಮಾನ ಆ ರಾತ್ರಿ ಮನೆಯಲ್ಲಿ ಕೂತೇ ಮುಗಿಯಿತು. ಅವನ ಹೆಂಡತಿ ಸೂಫಿಯಾ ಅತ್ತರಿನ ಗಿರಾಕಿ. ಫೋನಿನಲ್ಲೇ ಸಿಡಿದಳು: "ನಮ್ಮ ಮನಿಯಾಗ ಬಾಟ್ಲಿ? ಹೊಸ್ತಿಲ ದಾಟಿಸಿ ನೋಡ್ಲಿ ಆತ!" ಸುಳ್ಳು ಸರಕಿಗೇ ವಾಹ್ ಅಂದವನು ಅಸಲಿ ಕದ್ದು ಏನು ಮಾಡಿಯಾನು?

ಸೋಮವಾರ ಮೊದಲ ಬಸ್ಸಿಗೆ ಸರ್ವರಿ ದೇವದುರ್ಗಕ್ಕೆ ಹೋದಳು. ದುಬಾರಿ ಮಾಲು ತನಗೇ ಉಳಿಸಿಕೊಳ್ಳಲು ಮೌನಪ್ಪನೇ ಆಟ ಕಟ್ಟಿರಬಹುದು ಎಂಬ ಅನುಮಾನ ತಲೆಯಲ್ಲಿತ್ತು. ಮುಚ್ಚಿಡದೆ ಕೇಳಿಯೇಬಿಟ್ಟಳು. "ಸಾಹೇಬ್ರ, ನಿಮ್ಮ ಕಪಾಟು ತೋರಸ್ರಿ."

ಮೌನಪ್ಪನಿಗೆ ಸಿಟ್ಟು ಬಂತು. ಆದರೂ ತೆರೆದರು. ಕತ್ತಲ ಕಪಾಟಿನಲ್ಲಿ ಬಾಟಲಿಗಳು ಒಂದೂ ಬಿಡದೆ ನೆಟ್ಟಗೆ ನಿಂತಿದ್ದವು. ಸರ್ವರಿ ಉಸಿರು ಬಿಟ್ಟಳು. ಇವರಲ್ಲ.

"ಹೋದ ತಿಂಗಳು ಆ ಬಾಟ್ಲಿ ತೆರೆದಾಗ ಬೂಚ ಹೆಂಗಿತ್ರಿ?"

"ಗಟ್ಟಿ ಇತ್ತು. ನಾನ ತೆರೆದೀನಿ. ಅರ್ಧ ಕುಡಿದು, ಅದ ಬೂಚ ಬಡಿದು, ಕ್ಲಬ್ಬಿನ ಕಪಾಟಿನಾಗ ನಿಂದ್ರಿಸೀವಿ."

ಮುದುಕರು ಒಳಗಿಂದ ಮೂರು ಪುಟ್ಟ ಶೀಶೆ ತಂದರು. ತೆರೆದ ಪ್ರತಿ ಬಾಟಲಿಯಿಂದ ಎರಡು ಚಮಚ ತೆಗೆದಿಡುವುದು ಅವರ ಹುಚ್ಚು. "ಅಸಲಿ ಇಪ್ಪತ್ತೈದರದ್ದು ಇದರಾಗ ಅದ. ಮೊದಲು ಸಣ್ಣ ವಯಸ್ಸಿನದು ಮೂಸ್ರಿ."

ಹನ್ನೆರಡರದ್ದು ಮೂಗಿಗೆ ಚುರ್ರೆಂದಿತು. ಹದಿನೆಂಟರದ್ದು ಮೆತ್ತಗಿತ್ತು, ಒಣದ್ರಾಕ್ಷಿಯ ವಾಸನೆ. ಮೂರನೆಯದಕ್ಕೆ ಸರ್ವರಿ ಕಣ್ಣು ಮುಚ್ಚಿದಳು. ಮೊದಲು ಬೆಲ್ಲದ ಪಾಕ, ಆಮೇಲೆ ಹಳೆ ಮರ, ಎಲ್ಲ ಹೋದ ಮೇಲೂ ಹೋಗದ ತೆಳ್ಳನೆ ಹೊಗೆ. ಗಂಧದೆಣ್ಣೆಯೂ ಹೀಗೇ. ವಯಸ್ಸಾದಷ್ಟೂ ಚೀರುವುದು ಬಿಟ್ಟು ಮೆಲ್ಲಗೆ ಮಾತಾಡುತ್ತದೆ. ಅವಳಿಗೆ ಖುಷಿಯಾಯಿತು, ಅದನ್ನು ಬಚ್ಚಿಡಲೂ ಇಲ್ಲ.

"ಅಲ್ಲಾಣೆ ಸಾಹೇಬ್ರ, ಕುಡಿಯಂಗಿಲ್ಲ. ಖರೆ ನೀವು ಯಾಕ ಹುಚ್ಚಾಗೀರಿ ಅಂತ ತಿಳೀತು."

ಮೌನಪ್ಪ ಮೊದಲ ಸಲ ನಕ್ಕರು. "ವಿಮಾನ ನಿಲ್ದಾಣದಾಗ ಇಂಥಾವು ಎರಡ ಕೊಂಡಿದ್ದೆ. ಒಂದು ಹೋದ ವರ್ಷ ಖಾಲಿ ಆತು."

"ಆ ಖಾಲಿ ಬಾಟ್ಲಿ?"

"ನಮ್ಮದೊಂದು ಪದ್ಧತಿ ಅದ. ಕಣ್ಣಿಗೆ ಬಟ್ಟಿ ಕಟ್ಟಿ ರುಚಿ ನೋಡೂದು. ವಯಸ್ಸು ತಪ್ಪು ಹೇಳಿ ಸೋತವರು ಖಾಲಿ ಬಾಟ್ಲಿ ಮನಿಗೆ ಹೊರಬೇಕು. ಹೋದ ವರ್ಷ ಹುಲಿಗೇಶ ಸೋತ. ಅಗ್ಗದ್ದನ್ನ ಇಪ್ಪತ್ತೈದು ಅಂದಿದ್ದ! ಬಾಟ್ಲಿ ಬಗಲಾಗ ಕೊಟ್ಟು ಗೇಟಿನತನ ಚಪ್ಪಾಳಿ ಹೊಡ್ದಿದ್ವಿ."

ಸರ್ವರಿ ಎದ್ದಳು. "ಶೀಶೆ ತಗೋರಿ. ಮಾನ್ವಿಗೆ ನಡೀರಿ."

* * *

ಶಶಿಕಲಾಳ ಜೀಪು ಹುಲಿಗೇಶನ ಮನೆ ಮುಂದೆ ನಿಂತಾಗ ಹನ್ನೆರಡೂವರೆ. ಅವನು ಗಾಬರಿಯಾಗಲಿಲ್ಲ. "ಬರ್ರಿ ಮೇಡಂ. ನನ್ನ ಬಾರ್ ನೋಡ್ರಿ. ಇಡೀ ಮಾನ್ವ್ಯಾಗ ಇಂಥಾದ್ದಿಲ್ಲ!"

ಗೋಡೆ ತುಂಬ ಮಣ್ಣಿನ ಕೊಳವೆಗಳನ್ನು ಜೇನುಗೂಡಿನಂತೆ ಜೋಡಿಸಿದ್ದ. ಕೊಳವೆಗೊಂದು ಬಾಟಲಿ. ಎಲ್ಲವೂ ಅಡ್ಡ ಮಲಗಿದ್ದವು. ಸರ್ವರಿ ಬಾಗಿಲಲ್ಲೇ ನಿಂತು ಜೋರಾಗಿ ನಕ್ಕುಬಿಟ್ಟಳು.

"ಯಾಕ ನಗ್ತಿ?"

"ಎಲ್ಲಾನೂ ಮಲಗಿಸೀರಲ್ಲ ಸಾಹೇಬ್ರ, ಅದಕ್ಕ."

"ಪರದೇಶದಾಗ ಹಿಂಗ ಇಡ್ತಾರ!"

"ಹಂಗ ಇಡೂದು ದ್ರಾಕ್ಷಿ ವೈನ್," ಎಂದರು ಮೌನಪ್ಪ.

"ಅತ್ತರಿನ ಶೀಶೆ ಮಲಗಿಸಿದ್ರ ನಮ್ಮಪ್ಪ ಕಿವಿ ಹಿಂಡ್ತಿದ್ದ," ಎಂದಳು ಸರ್ವರಿ. "ಖಾರ ಮಾಲು ಬೂಚ ತಿಂತದ. ವಿಸ್ಕಿನೂ ಹಂಗ. ಮೇಡಂ, ನಿನ್ನಿ ಮುರಿದ ಬೂಚ ಪುಡಿಪುಡಿ ಆಗಿತ್ತು. ಒಂದು ತಿಂಗಳು ನಿಂತ ಬಾಟ್ಲಿ ಬೂಚ ಹಂಗ ಆಗಂಗಿಲ್ಲ. ಆ ಬಾಟ್ಲಿ ತಿಂಗಳಾನುಗಟ್ಟಲೆ ಎಲ್ಲೋ ಮಲಗಿತ್ತು. ಕ್ಲಬ್ಬಿನಾಗ ಎಲ್ಲಾ ನಿಂತಾವ. ದೇವದುರ್ಗದಾಗ ನಿಂತಾವ. ಇಲ್ಲಿ ನೋಡ್ರಿ."

ಹುಲಿಗೇಶನ ಮುಖ ಕಳೆಗುಂದಿತು. "ಬೂಚ ಹಿಡ್ಕೊಂಡು ಕೇಸ್ ಮಾಡ್ತೀರೇನು?"

ಸರ್ವರಿ ಬಗ್ಗಿ ಒಂದೊಂದೇ ಕೊಳವೆ ನೋಡುತ್ತ ಹೋದಳು. ಕೆಳಗಿನ ಸಾಲಿನ ಮೂಲೆಯಿಂದ ಒಂದು ಬಾಟಲಿ ಎಳೆದಳು. ಅದೇ ಲೇಬಲ್ಲು. ಒಳಗೆ ಅರ್ಧ ಮಾಲು.

"ಅದು ನಂದ! ಹೋದ ವರ್ಷ ಸೋತು ತಂದದ್ದು. ಮೌನಪ್ಪನ್ನ ಕೇಳ್ರಿ!"

"ಕೇಳೀನಿ. ನೀವು ಒಯ್ದದ್ದು ಖಾಲಿ ಬಾಟ್ಲಿ." ಸರ್ವರಿ ಬೂಚು ತೆಗೆದು ಬಾಟಲಿಯನ್ನು ಶಶಿಕಲಾಳ ಮೂಗಿಗೆ ಹಿಡಿದಳು, ಹಿಂದೆಯೇ ದೇವದುರ್ಗದ ಶೀಶೆಯನ್ನೂ. ಬೆಲ್ಲ, ಮರ, ಹೊಗೆ. ಎರಡೂ ಒಂದೇ. "ಖಾಲಿ ಬಾಟ್ಲಿಯಾಗ ಅಸಲಿ ಮಾಲು ತಾನ ಹುಟ್ಟಿತೇನ್ರಿ?"

ಶಶಿಕಲಾ ಅಂದಳು: "ಅಂದ್ರ, ಖಾಲಿ ಬಾಟ್ಲಿಗೆ ಅಗ್ಗದ್ದು ತುಂಬಿ ಇಲ್ಲಿ ಮಲಗಿಸಿದ್ರಿ."

"ಬಂದವರಿಗೆ ತೋರಸಾಕ," ಎಂದಳು ಸರ್ವರಿ. "ಶುಕ್ರವಾರ ಅದರಾಗ ಅರ್ಧ ಚೆಲ್ಲಿ ಕ್ಲಬ್ಬಿಗೆ ಒಯ್ದ್ರು. ನನ್ನ ತಮ್ಮ ಅಲ್ಲಾನ ಮುಂದ ತಲಿ ಬಾಗಿಸಿದಾಗ ಮೊಳಿಂದ ಕೀಲಿ ತಗೊಂಡ್ರು. ಅಸಲಿ ಹೊರಗ, ನಕಲಿ ಒಳಗ."

ಹುಲಿಗೇಶ ಸಿಡಿದೆದ್ದ. "ಹೂಂ, ಮಾಡೀನಿ! ಗೇಟಿನತನ ಚಪ್ಪಾಳಿ ಹೊಡ್ದು ನಕ್ಕರಲ್ಲ! ಅಗ್ಗದ್ದು ಕುಡ್ಸಿ, ವಾಹ್ ಅನಿಸಿ, ಆಮ್ಯಾಲ ಎಲ್ಲಾರ ಮುಂದ ಹೇಳಾಂವ ಇದ್ದೆ. ದಸ್ತಗೀರ್ ವಾಹ್ ಅಂದ! ಈ ಮುದುಕ ಉಗಳಿದ, ಎಲ್ಲಾ ಕೆಟ್ಟಿತು."

"ಆಗಾರ ಹೇಳಬೇಕಿತ್ತು," ಎಂದಳು ಸರ್ವರಿ. "ನಿಮ್ಮ ನಗಿ ನಿಮ್ಮನಿಮ್ಮೊಳಗ ತೀರಿಸ್ಕೋಬೇಕಿತ್ತು. ಕುಡಿಯದವನ ಜೇಬಿಗೆ ಯಾಕ ಕೈ ಹಾಕಿದ್ರಿ?"

ಶಶಿಕಲಾ ಜೀಪಿನ ಹಿಂದಿನ ಬಾಗಿಲು ತೆರೆದಳು.

* * *

ಮುಂದಿನ ಶುಕ್ರವಾರ ಮೌನಪ್ಪ ಮತ್ತು ದಸ್ತಗೀರ್ ಅದೇ ಕೋಣೆಯಲ್ಲಿ, ಎಲ್ಲ ಸದಸ್ಯರೆದುರು ಕಲೀಮುಲ್ಲಾನಿಗೆ ಕೈಮುಗಿದು ಮಾಫಿ ಕೇಳಿದರು. ಜೇಬು ತಿರುವಿದ ಜಾಗದಲ್ಲೇ ಕೇಳಬೇಕೆಂದು ಸರ್ವರಿ ಹಟ ಹಿಡಿದಿದ್ದಳು. ಬಾಗಿಲಲ್ಲಿ ಅಲ್ಲ, ಕೋಣೆಯ ನಡುವೆ ಕುರ್ಚಿ ಎಳೆದುಕೊಂಡು ಕೂತಿದ್ದಳು.

ಅಂದು ಕಸಿದುಕೊಂಡಿದ್ದ ಕಪಾಟಿನ ಕೀಲಿಯನ್ನು ಮೌನಪ್ಪ ವಾಪಸ್ ಕೊಟ್ಟರು. "ಇನ್ನ ಮ್ಯಾಲ ಜೇಬಿನಾಗ ಇಟ್ಕೊಂಡು ಹೋಗಪ್ಪಾ ಕಲೀಮುಲ್ಲಾ. ಮಂದಿ ಸರಿ ಇಲ್ಲ."

ಹೊರಗೆ ಅಜಾನ್ ಕೇಳಿಸಿತು. ಕಲೀಮುಲ್ಲಾ ಕೀಲಿಯನ್ನೊಮ್ಮೆ ನೋಡಿದ. ಆಮೇಲೆ ಎಲ್ಲರ ಮುಂದೆ ಗೋಡೆಯವರೆಗೆ ನಡೆದು, ಅದೇ ಮೊಳೆಗೆ ತೂಗುಹಾಕಿದ.

"ನನ್ನ ಪದ್ಧತಿ ನಾ ಯಾಕ ಬಿಡ್ಲಿ ಸಾಹೇಬ್ರ? ಕದ್ದಾವ ನಾನಲ್ಲ."

ಟೋಪಿ ಹಾಕಿಕೊಂಡು ತಲೆ ಎತ್ತಿ ನಮಾಜಿಗೆ ಹೊರಟ.