ತೂಕಕ್ಕೆ ತೂಕ

2004ರ ಮಾರ್ಚ್ 12, ಶುಕ್ರವಾರ ಬೆಳಗ್ಗೆ 9 ಗಂಟೆ 15 ನಿಮಿಷಕ್ಕೆ ಬಿಳಿಗುಂಡಿನಹಳ್ಳಿಯ ಪಂಚಾಯ್ತಿ ಸದಸ್ಯ ಪಂಚಾಕ್ಷರಪ್ಪ ಹರಪನಹಳ್ಳಿ ಠಾಣೆಗೆ ಬಂದು ದೂರು ಕೊಟ್ಟರು. ಊರ ಹೊರಗಿನ ಕುಡಿಯುವ ನೀರಿನ ಬಾವಿಗೆ ಮುಚ್ಚಿದ್ದ ಕಬ್ಬಿಣದ ಜಾಲರಿ ಕಳುವಾಗಿತ್ತು. ನಸುಕಿನಲ್ಲಿ ನೀರಿಗೆ ಹೋದ ಸುಂಕಮ್ಮ ಎಂಬಾಕೆ ತೆರೆದ ಬಾವಿಗೆ ಬಿದ್ದು, ಸೊಂಟ ಮುರಿದುಕೊಂಡು ದಾವಣಗೆರೆ ಆಸ್ಪತ್ರೆ ಸೇರಿದ್ದಳು.

"ಗುಜರಿ ರೇಟು ಏರಿದ್ದಾ ಏರಿದ್ದು, ಊರಾಗ ಒಂದು ಗುದ್ದಲಿ ಹೊರಗ ಇಡಂಗಿಲ್ರಿ," ಎಂದರು ಪಂಚಾಕ್ಷರಪ್ಪ.

ಠಾಣೆಯ ರೈಟರ್ ರಜೆಯಲ್ಲಿದ್ದ. ಹೆಡ್ ಕಾನ್‌ಸ್ಟೇಬಲ್ ಗಾದೆಪ್ಪನೇ ಎಫ್‌ಐಆರ್ ಬರೆದ: ಗುನ್ನೆ ನಂಬರ್ 47/2004, ಐಪಿಸಿ ಕಲಂ 379. ಇಪ್ಪತ್ತು ವರ್ಷದ ಸರ್ವಿಸ್ಸು ಅವನದು, ಅಕ್ಷರ ಮುತ್ತು ಪೋಣಿಸಿದಂತೆ. ಹೆಸರಿಗೆ ತಕ್ಕ ಹಾಗೆ ಮಾತಿಗೊಂದು ಗಾದೆ ಹೇಳುವುದೂ ಅವನ ಚಟ. "ಊರು ಕೊಳ್ಳೆ ಹೊಡೆದ ಮ್ಯಾಲ ಕೋಟಿ ಬಾಗಿಲು ಹಾಕಿದ್ರಂತ. ಮೊದಲಾ ಒಂದು ಬೀಗ ಜಡೀಬೇಕಿತ್ತಿಲ್ರಿ ಮೆಂಬರ್ರ?" ಎಂದು ಪಂಚಾಕ್ಷರಪ್ಪನನ್ನು ಕೆಣಕಿಯೇ ಜೀಪು ಹತ್ತಿದ.

ಬೆಳಗ್ಗೆ 11ಕ್ಕೆ ಪಿಎಸ್‌ಐ ಅರುಣಕುಮಾರ್ ಸ್ಥಳ ಪಂಚನಾಮೆ ಶುರು ಮಾಡಿದರು. ಮಂಡ್ಯ ಕಡೆಯವರು, ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ಬಾವಿಯ ಕಟ್ಟೆಯ ಮೇಲೆ ಒಡೆದ ತೆಂಗಿನಕಾಯಿಯ ಎರಡು ಹೋಳು ಬಿದ್ದಿದ್ದವು. ಕಲ್ಲಿನಲ್ಲಿ ಹೂತ ಕಬ್ಬಿಣದ ಮೊಳೆಗಳಿಗೆ ವಿಭೂತಿ ಬಳಿದಿತ್ತು. ಬಾವಿಯ ಸುತ್ತ ಜಾಲಿಮುಳ್ಳಿನ ಕೊಂಬೆಗಳು ಚದುರಿದ್ದವು.

"ಮಾಟ ಮಾಡ್ಯಾರ್ರಿ ಸಾಹೇಬ್ರ," ಎಂದು ನೆರೆದವರಲ್ಲಿ ಒಬ್ಬ ಪಿಸುಗುಟ್ಟಿದ.

"ಈ ಮುಳ್ಳು?"

"ಬಾವಿ ಬಾಯಿ ಸುತ್ತ ಹಚ್ಚಿತ್ತಂತ್ರಿ. ಸುಂಕಮ್ಮ ಯಾಕಂತ ತಿಳೀದಾ ಎಳದು ಒಗದಾಳ. ಜಾಲರಿ ಐತಿ ಅನ್ನೋ ರೂಢಿ ಮ್ಯಾಲ ಕಾಲಿಟ್ಟಾಳ."

ಪಿಎಸ್‌ಐಗೆ ನಗು ಬಂತು. "ಕಳ್ಳತನ ಮಾಡಿ, ಪೂಜೆ ಮಾಡಿ, ಬೇಲಿನೂ ಹಾಕಿ ಹೋಗಿದ್ದಾನಲ್ರೀ! ಎಂಥಾ ಕಳ್ಳ ಇವನು? ಏನ್ರೀ ಗಾದೆಪ್ಪ, ಇದಕ್ಕೆ ಗಾದೆ ಇಲ್ವಾ?"

ಗಾದೆಪ್ಪ ಬಗ್ಗಿ ಮೊಳೆಗಳನ್ನು ನೋಡುತ್ತಿದ್ದ. ಗರಗಸದ ಗುರುತಿಲ್ಲ, ಹಾರೆಯಿಂದ ಮೀಟಿದ ಗುರುತೂ ಇಲ್ಲ. ಒಂದೊಂದೇ ಮೊಳೆಯ ತಲೆಯನ್ನು ಉಳಿಯಿಂದ ನೀಟಾಗಿ ಹಾರಿಸಿದ್ದರು.

ಇದು ಮಾಟವಲ್ಲ. ಕಮ್ಮಾರರ ಮನೆಯಲ್ಲಿ ಬೆಳೆದವನಿಗೆ ಅಷ್ಟು ಗೊತ್ತಿಲ್ಲವೇ? ತಾನು ಮಾಡಿದ ಕಬ್ಬಿಣವನ್ನು ತಾನೇ ಮುರಿಯಬೇಕಾದಾಗ ಅದಕ್ಕೆ ಕಾಯಿ ಒಡೆದು, ವಿಭೂತಿ ಹಚ್ಚಿ, ತಪ್ಪಾಯ್ತು ಎಂದು ಕೇಳಿಕೊಂಡೇ ಉಳಿ ಇಡಬೇಕು. ಈ ಜಾಲರಿ ಮಾಡಿದ್ದು ಪಕ್ಕದ ಹೊಸಕೇರಿಯ ಮೌನೇಶಪ್ಪ. ಆಗ ಕುಲುಮೆಯ ತಿದಿ ಒತ್ತಿದವನು ಹನ್ನೆರಡು ವರ್ಷದ ಗಾದೆಪ್ಪ. ಅಪ್ಪ ಸತ್ತ ಮೇಲೆ ಅವನನ್ನು ಸಾಕಿ, ಓದಿಸಿ, ಪೊಲೀಸ್ ಸೆಲೆಕ್ಷನ್ನಿಗೆ ತಾನೇ ಬಳ್ಳಾರಿವರೆಗೆ ಕರೆದುಕೊಂಡು ಹೋದ ಸೋದರಮಾವ ಈ ಮೌನೇಶಪ್ಪ.

ಪಂಚನಾಮೆಯಲ್ಲಿ ಗಾದೆಪ್ಪ ಬರೆದ: "ಯಾರೋ ಅಪರಿಚಿತರು ಪೂಜೆ ಮಾಡಿದಂತೆ ಕಂಡುಬರುತ್ತದೆ." ಇಪ್ಪತ್ತು ವರ್ಷದಲ್ಲಿ ಅವನು ಗೊತ್ತಿದ್ದೂ ಬರೆದ ಮೊದಲ ಸುಳ್ಳು ಅದು.

ಸಂಜೆ 4ಕ್ಕೆ, ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಹಳೇ ಸಾಮಾನು ಕೊಳ್ಳುವ ಚೌಡಣ್ಣನನ್ನು ಅನುಮಾನದ ಮೇಲೆ ಹಿಡಿದು ತಂದರು. ಪಿಎಸ್‌ಐ ಕೇಳತೊಡಗಿದರು.

"ನಿನ್ನೆ ಬಿಳಿಗುಂಡಿನಹಳ್ಳಿಗೆ ಹೋಗಿದ್ದೆಯಾ?"

"ಹೋಗಿದ್ನಿರಿ."

"ಏನು ತಂದೆ?"

"ಎರಡು ತೂತು ಕೊಡ, ಒಂದು ಹಳೇ ಬಾಣಲಿ ರೀ."

"ಜಾಲರಿ?"

"ದೇವರಾಣಿ ಇಲ್ರಿ ಯಪ್ಪಾ!"

ಒಬ್ಬ ಕಾನ್‌ಸ್ಟೇಬಲ್ ಅವನ ಕಪಾಳಕ್ಕೆ ಬಿಗಿದ. ಚೌಡಣ್ಣನ ಹೆಂಡತಿ ಈರಕ್ಕ ಬುತ್ತಿ ಹಿಡಿದು ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದವಳು ಗಾದೆಪ್ಪನ ಕಾಲು ಹಿಡಿದಳು. "ನೀವಾದ್ರೂ ಹೇಳ್ರಿ ಅಣ್ಣಾರ. ಮಂದಿ ಕುಡಿಯೋ ಬಾವಿಗೆ ಕೈ ಹಾಕೋ ಮನುಷ್ಯ ಅಲ್ರಿ ಇವ."

"ಏಳಬೇ ಯವ್ವಾ," ಎಂದಷ್ಟೇ ಅಂದ ಗಾದೆಪ್ಪ. ಮನೆಗೆ ಹೋದವನು, ಥೂ ನನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಂಡ. ಮಾವನ ಮರ್ಯಾದೆ ಉಳಿಸಲು ಹೋಗಿ, ಏನೂ ಅರಿಯದ ಬಡವನ ಕೆನ್ನೆಗೆ ಏಟು ಬೀಳಿಸಿದ್ದ.

ಮಾರ್ಚ್ 13, ಶನಿವಾರ. ಬೆಳಗ್ಗೆ 7.30ಕ್ಕೆ ಪಿಎಸ್‌ಐ ಎದುರು ನಿಂತು ಎಲ್ಲ ಹೇಳಿದ.

ಅರುಣಕುಮಾರ್ ಪೆನ್ನು ಕೆಳಗಿಟ್ಟರು. "ನಿನ್ನೆ ಯಾಕೆ ಹೇಳಲಿಲ್ಲ?"

"ಬಾಯಿ ಬರ್ಲಿಲ್ರಿ ಸಾರ್."

ಚೌಡಣ್ಣನನ್ನು ಬಿಟ್ಟು ಕಳಿಸಿದರು. 8.40ಕ್ಕೆ ಇಬ್ಬರೂ ಕೊಟ್ಟೂರು ರಸ್ತೆಯ ಗವಿಸಿದ್ದೇಶನ ಗುಜರಿ ಅಂಗಡಿಗೆ ಹೋದರು. ಹೊಸಕೇರಿಯಿಂದ ಎತ್ತಿನ ಗಾಡಿ ತಲುಪಬಹುದಾದ ದೊಡ್ಡ ಅಂಗಡಿ ಅದೊಂದೇ. ಗವಿಸಿದ್ದೇಶ ಮೊದಲು ಇಲ್ಲ ಅಂದ, ಆಮೇಲೆ ಹೂಂ ಅಂದ.

"ನಿನ್ನೆ ಮುಂಜಾನಿ ಮುದುಕ ತಂದಿದ್ದ ರೀ. ನಾಕು ತುಂಡು. ಕದ್ದ ಮಾಲು ಅಂತ ನನಗೇನು ಗೊತ್ರಿ?"

"ಎಲ್ಲಿದೆ?"

"ಸಂಜಿ ಏಳಕ್ಕ ಲಾರಿ ಲೋಡಾತ್ರಿ. ಹೊಸಪೇಟಿ ಕಡೆ ಫರ್ನೇಸಿಗೆ. ಇಷ್ಟೊತ್ತಿಗೆ ಕರಗಿರ್ತೈತಿ."

ಪಿಎಸ್‌ಐ ಗಾದೆಪ್ಪನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಗಾದೆಪ್ಪನಿಗೆ. ನಿನ್ನೆ ಮಧ್ಯಾಹ್ನವೇ ಬಾಯಿ ಬಿಟ್ಟಿದ್ದರೆ ತುಂಡು ಬೆಸೆದಾದರೂ ಜಾಲರಿ ಮರಳಿ ಬಾವಿಯ ಮೇಲೆ ಕೂರುತ್ತಿತ್ತು.

"ಎಷ್ಟು ದುಡ್ಡು ಕೊಟ್ಟೆ?"

"ದುಡ್ಡಾ? ಒಂದು ಪೈಸಾ ತಗೊಳ್ಲಿಲ್ರಿ ಆ ಮುದುಕ. ಅಡಿಗಲ್ಲು ಒಯ್ದ."

ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು; ಹೆಸರಿಗಷ್ಟೇ ಕಲ್ಲು, ಅದೂ ಗಟ್ಟಿ ಕಬ್ಬಿಣವೇ. ಮೌನೇಶಪ್ಪ ಕಣ್ಣಿನ ಆಪರೇಷನ್ನಿಗೆ ಹೋಗಿದ್ದಾಗ ಅವನ ಮಗನೇ ಅದನ್ನು ಇಲ್ಲಿ ತಂದು ತೂಕಕ್ಕೆ ಹಾಕಿದ್ದನಂತೆ. ಮುದುಕ ಮೂರು ಸಲ ಬಂದು ಅಂಗಲಾಚಿದ್ದ. ಗವಿಸಿದ್ದೇಶ ಒಂದೇ ಮಾತು ಹೇಳಿದ್ದ: ತೂಕಕ್ಕೆ ತೂಕ ಕಬ್ಬಿಣ ತಂದು ಹಾಕು, ಒಯ್ಯಿ.

ಠಾಣೆಯಿಂದ ಇಬ್ಬರು ಕಾನ್‌ಸ್ಟೇಬಲ್‌ಗಳನ್ನೂ ಕರೆದುಕೊಂಡು ಹೊಸಕೇರಿ ಮುಟ್ಟಿದಾಗ 10.20. "ನೀವು ಜೀಪಿನಲ್ಲೇ ಇರಿ," ಎಂದರು ಪಿಎಸ್‌ಐ. "ಬ್ಯಾಡ್ರಿ ಸಾರ್. ಬ್ಯಾರೇದವ್ರು ಅವನ ಕೈ ಹಿಡಿಯೋದು ನೋಡಾಕ ನನ್ನ ಕಡಿಂದ ಆಗಂಗಿಲ್ಲ," ಎಂದು ಗಾದೆಪ್ಪ ಮುಂದೆ ನಡೆದ.

ಕುಲುಮೆ ಉರಿಯುತ್ತಿತ್ತು. ಮೌನೇಶಪ್ಪ ಕುಡುಗೋಲಿಗೆ ಹದ ಕೊಡುತ್ತಿದ್ದವನು ಕಪ್ಪು ಕನ್ನಡಕ ಸರಿಸಿ ನೋಡಿದ.

"ಬಾರಲೇ ಗಾದಿ. ಯಾವಾಗ ಬಂದೀ? ಸಾಹೇಬ್ರನ್ನೂ ಕರಕೊಂಡು ಬಂದೀ."

"ಮಾವ, ಜಾಲರಿ ತಗೊಂಡವ ನೀನಾ ಏನು?"

"ನಾನಾ. ನಾ ಮಾಡಿದ್ದು, ನಾನಾ ಬಿಚ್ಚೀನಿ." ಮುಚ್ಚಿಡಬೇಕು ಅನ್ನುವುದೇ ಅವನಿಗೆ ತೋಚಿರಲಿಲ್ಲ. "ಅಡಿಗಲ್ಲು ಬಂತಲ್ಲ, ಇನ್ನ ಕೂಲಿ ಮಾಡಿ ಕಬ್ಬಿಣ ಕೊಂಡು ಹೊಸಾದು ಮಾಡಿ ಕೂಡ್ರಸ್ತೀನಿ. ಯಾರರ ಬಿದ್ದಾರು ಅಂತ ಮುಳ್ಳು ಹಚ್ಚಿ ಬಂದೀನಲ್ಲೋ."

"ಬಿದ್ದಾಳ ಮಾವ. ಸುಂಕಮ್ಮ. ಸೊಂಟ ಮುರದೈತಿ."

ಸುತ್ತಿಗೆ ಮುದುಕನ ಕೈಯಿಂದ ಜಾರಿತು. ಅಲ್ಲೇ ಬೂದಿಯಲ್ಲಿ ಕುಸಿದು ಕೂತು, "ಅಯ್ಯೋ ನನ್ನ ಕೈ ಸೇದಿ ಹೋಗಬಾರದಾ," ಎಂದು ತಲೆ ಚಚ್ಚಿಕೊಂಡ. ಗಾದೆಪ್ಪ ಅವನ ಎರಡೂ ಕೈ ಹಿಡಿದುಕೊಂಡ. ದಸ್ತಗಿರಿಯ ಸಮಯ 10.35 ಎಂದು ಪಿಎಸ್‌ಐ ಬರೆದುಕೊಂಡರು.

ಕದ್ದ ಮಾಲಿನ ಬದಲಿಗೆ ಬಂದದ್ದೆಂದು ಅಡಿಗಲ್ಲನ್ನೂ ಜಪ್ತಿ ಮಾಡಬೇಕಾಯಿತು. ಇಬ್ಬರು ಕಾನ್‌ಸ್ಟೇಬಲ್‌ಗಳಿಗೆ ಅದು ಏಳಲಿಲ್ಲ. ಮೌನೇಶಪ್ಪನೇ ಎದ್ದು ಬಂದು ಒಂದು ತುದಿ ಹಿಡಿದು ಜೀಪಿಗೆ ಹಾಕಿಸಿದ.

ಮಧ್ಯಾಹ್ನ ಠಾಣೆಯಲ್ಲಿ ಸ್ವ-ಇಚ್ಛಾ ಹೇಳಿಕೆ. ಪಿಎಸ್‌ಐ ಕೇಳಿದರು, ಮೌನೇಶಪ್ಪ ಹೇಳಿದ, ಗಾದೆಪ್ಪ ಬರೆದ. ಅಜ್ಜನ ಕಾಲದ ಅಡಿಗಲ್ಲು, ಅದಿಲ್ಲದೆ ಎರಡು ತಿಂಗಳು ಕುಲುಮೆ ಆರಿದ್ದು, ಮಂದಿ ಕುಡುಗೋಲು ಹಿಡಿದು ಬಂದು ವಾಪಸ್ ಹೋಗುತ್ತಿದ್ದದ್ದು, ಎಲ್ಲ ಹೇಳಿದ. ಗಾದೆಪ್ಪನ ಕಣ್ಣು ಮಂಜಾಗಿತ್ತು, ಕೈ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು.

"ಏನು ಬರ್ದೀ, ಓದಿ ಹೇಳಲೇ," ಎಂದ ಮುದುಕ.

ಗಾದೆಪ್ಪ ಓದತೊಡಗಿದ. ನಾಲ್ಕನೇ ಸಾಲಿಗೆ ಬಂದು ತಡವರಿಸಿದ. ಪ್ರತಿ ಕಳ್ಳತನದ ಹೇಳಿಕೆಯಲ್ಲೂ ಇಪ್ಪತ್ತು ವರ್ಷ ಬರೆದ ಮಾತನ್ನೇ ಕೈ ಇಲ್ಲೂ ಬರೆದುಬಿಟ್ಟಿತ್ತು: "ಹಣದ ಆಸೆಗೆ ಬಿದ್ದು ಸದರಿ ಕೃತ್ಯ ಎಸಗಿರುತ್ತೇನೆ."

"ಹಣದ ಆಸಿ ಅಂತ ಬರ್ದೀಯೇನು?"

"ತಪ್ಪಾತು ಮಾವ. ತಡಿ, ಹೊಡದು ಹಾಕ್ತೀನಿ."

ಮೌನೇಶಪ್ಪ ಆಗಲೇ ಶಾಯಿಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡಿದ್ದ. "ಇರ್ಲಿ ಬಿಡು. ನೀ ಓದಿದಾವ, ನೀ ಬರ್ದದ್ದು ಸರಿನಾ ಇರ್ತೈತಿ," ಎಂದು ಹೆಬ್ಬೆಟ್ಟು ಒತ್ತಿದ.