ಏಳನೆಯ ಬಿಲ್ಲೆ

ಬೇಸಿಗೆ ಕಾಲಿಟ್ಟು ಹತ್ತು ದಿನವಾಗಿತ್ತು. ಮೂರು ದಿನಕ್ಕೊಮ್ಮೆ ಬರುವ ನಲ್ಲಿ ನೀರು ಅಂದು ಬಂದಿದ್ದರಿಂದ ಠಾಣೆಯ ಹಿತ್ತಲಲ್ಲಿ ಪೇದೆಗಳಿಬ್ಬರು ಡ್ರಮ್ಮು ತುಂಬಿಸುತ್ತಿದ್ದರು. ಎಲ್ಲದಕ್ಕೂ ಗಂಟೆ, ನಿಮಿಷ ಬರೆದಿಡುವ ಹೆಡ್ ಕಾನ್‌ಸ್ಟೇಬಲ್‌ಗೆ ಅಲ್ಲಿ ‘ಗಡಿಯಾರ’ ಎಂದೇ ಹೆಸರು. ಹತ್ತು ಇಪ್ಪತ್ತಕ್ಕೆ ಹೆಗಲ ಮೇಲೆ ಸಲಕರಣೆಯ ಚೀಲ ಹೊತ್ತ ಹೆಂಗಸೊಬ್ಬಳು ಒಳಗೆ ಬಂದಳು ಎಂದು ಅವನ ಪುಸ್ತಕದಲ್ಲಿದೆ.

"ಪುರಸಭೆಯವರ ಮೇಲೆ ದೂರು ಕೊಡಬೇಕು."

"ನೀರು ಆಗಲೇ ಬಂತಲ್ಲಮ್ಮಾ," ಎಂದ ಗಡಿಯಾರ.

"ನೀರಿನ ದೂರಲ್ಲ. ನೀರು ಬಿಡೋ ಕೆಲಸದ್ದು."

ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು. ಅವಳು ಕೊಳಾಯಿ ರಿಪೇರಿಯವಳು. ನೀರುಗಂಟಿಯ ಒಂದು ಹುದ್ದೆಗೆ ಹನ್ನೆರಡು ಜನ ಪರೀಕ್ಷೆ ಕೊಟ್ಟಿದ್ದರು. ಎರಡು ಪೈಪು ಕೂಡಿಸಬೇಕು. ಜಾಯಿಂಟಿಗೆ ತಮ್ಮ ನಂಬರಿನ ತಗಡಿನ ಬಿಲ್ಲೆ ಕಟ್ಟಬೇಕು. ಆ ಜಾಯಿಂಟುಗಳೆಲ್ಲ ಒಂದು ರಾತ್ರಿ ಉಗ್ರಾಣದಲ್ಲಿದ್ದು, ಮರುದಿನ ನೀರಿನ ಒತ್ತಡಕ್ಕೆ ಹತ್ತು ನಿಮಿಷ ತಡೆಯಬೇಕು. ಏಳನೆಯದು ಸೋರಿತು. ಅದು ಇವಳದು. ಮೂರನೆಯದು ಒಂದು ಹನಿಯನ್ನೂ ಬಿಡಲಿಲ್ಲ. ಅದು ಪುರಸಭೆ ಅಧ್ಯಕ್ಷರ ತಂಗಿಯ ಮಗನದು.

"ಸೋರಿದ್ದಕ್ಕೆ ಪೊಲೀಸರು ಏನು ಮಾಡೋದು?"

"ನಾನು ಹಾಕಿದ್ದು ಸೋರಲ್ಲ ಸಾರ್. ನಮ್ಮಪ್ಪ ಮೂವತ್ತು ವರ್ಷ ದಿನಗೂಲಿ ನೀರುಗಂಟಿ. ಜನ ಕುಡಿಯೋ ನೀರಿಗೆ ಪೇಂಟ್ ಸೇರಬಾರದು ಅನ್ನೋನು. ಜಾಯಿಂಟಿಗೆ ಸುತ್ತೋ ಸೆಣಬಿನ ನಾರಿಗೆ ಎಲ್ಲರೂ ಬಿಳಿ ಪೇಂಟ್ ಹಚ್ತಾರೆ. ನಾನು ಬಟ್ಟೆ ಸೋಪು ತಿಕ್ಕೋದು. ಬಿಚ್ಚಿ ನೋಡಿ."

ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಅಧ್ಯಕ್ಷರ ಫೋನು ಬಂತು.

"ಒಂದು ನೀರುಗಂಟಿ ಕೆಲಸಕ್ಕೆ ಇಷ್ಟು ರಾದ್ಧಾಂತವೇನ್ರೀ? ನಿಮ್ಮನ್ನ ಈ ಊರಿಗೆ ಹಾಕಿಸಿದ್ದು ಯಾರು, ನೆನಪಿದೆ ತಾನೆ?"

"ಇದೆ ಸಾರ್. ದೂರಿಗೆ ನಂಬರ್ ಬಿದ್ದಾಗಿದೆ," ಎಂದು ಇನ್‌ಸ್ಪೆಕ್ಟರ್ ಫೋನ್ ಇಟ್ಟರು.

ಊಟಕ್ಕೆ ಮುಂಚೆಯೇ ಅವರು ಅಧ್ಯಕ್ಷರ ತಂಗಿಯ ಮಗನನ್ನು ಕರೆಸಿದರು.

"ಜಾಯಿಂಟಿಗೆ ಏನು ಹಚ್ಚಿದೆ?"

"ಬಿಳಿ ಪೇಂಟು."

"ಸೋಪು?"

"ನಾನೇನು ಬಟ್ಟೆ ಒಗೆಯೋಕೆ ಹೋಗಿದ್ನಾ ಸಾರ್?"

ಗಡಿಯಾರ ಅದನ್ನು ಅಕ್ಷರ ಬಿಡದೆ ಬರೆದು ಸಹಿ ಹಾಕಿಸಿಕೊಂಡ. ಉಳಿದ ಹತ್ತು ಜನರ ಹೇಳಿಕೆಯಲ್ಲೂ ಪೇಂಟೇ ಇತ್ತು.

ಮೂರು ಗಂಟೆಗೆ ಪುರಸಭೆಯ ಉಗ್ರಾಣದಲ್ಲಿ, ಶಾಲೆಯ ಮೇಷ್ಟ್ರು ಮತ್ತು ಟೈರ್ ಅಂಗಡಿಯವನ ಸಮಕ್ಷಮ ಪಂಚನಾಮೆ ಶುರುವಾಯಿತು. ಕತ್ತಲೆ ಕೋಣೆ, ತುಕ್ಕಿನ ವಾಸನೆ. ಏಳನೆಯ ಬಿಲ್ಲೆಯ ಜಾಯಿಂಟು ಬಿಚ್ಚಿದರೆ ಒಳಗೆ ಬಿಳಿ ಪೇಂಟು. ಮೂರನೆಯದನ್ನು ಬಿಚ್ಚಿ ಟೈರ್ ಅಂಗಡಿಯವನು ಒದ್ದೆ ಬೆರಳಿಂದ ಉಜ್ಜಿದ. ನೊರೆ ಬಂತು.

ಪಕ್ಕದಲ್ಲಿದ್ದ ಪುರಸಭೆಯ ಮುಖ್ಯಾಧಿಕಾರಿ ಬೆವರು ಒರೆಸಿಕೊಂಡರು. "ಏನೋ ಅದಲು ಬದಲಾಗಿದೆ. ನಾಳೆಯೇ ಈಯಮ್ಮನಿಗೆ ಆರ್ಡರ್ ಕೊಟ್ಬಿಡ್ತೀನಿ, ಇಲ್ಲಿಗೇ ಮುಗಿಸೋಣ."

"ಕೊಡೋದಕ್ಕೆ ನೀವ್ಯಾರು?" ಬಾಗಿಲಲ್ಲಿ ನಿಂತಿದ್ದ ಅವಳ ಧ್ವನಿ ಏರಿತು. "ಹನ್ನೆರಡೂ ಜನಕ್ಕೆ ಮತ್ತೆ ಪರೀಕ್ಷೆ ಮಾಡಿ. ಅಂಗಳದಲ್ಲಿ, ಎಲ್ಲರೆದುರಿಗೆ. ನನ್ನ ಕೆಲಸ ನಾನೇ ತಗೋತೀನಿ."

ಇನ್‌ಸ್ಪೆಕ್ಟರ್ ಉಗ್ರಾಣದ ಗುಮಾಸ್ತನ ಕಡೆ ತಿರುಗಿದರು. ಐವತ್ತು ದಾಟಿದ, ಮೆತ್ತಗಿನ ಮನುಷ್ಯ.

"ಬೀಗದ ಕೈ ಯಾರ ಹತ್ತಿರ?"

"ನನ್ನ ಹತ್ತಿರ."

"ಬೇರೆ ಕೈ?"

"ಇಲ್ಲ."

"ಬಾಗಿಲಿಗೆ ಮುದ್ರೆ ಒತ್ತಿದ್ದು?"

"ನಾನೇ."

"ಹಾಗಾದರೆ ಬಿಲ್ಲೆ ತಾವೇ ಎದ್ದು ಜಾಗ ಬದಲಾಯಿಸಿಕೊಂಡವೋ?"

ಗುಮಾಸ್ತ ಬಿಚ್ಚಿದ ಪೈಪನ್ನು ಕೈಗೆತ್ತಿಕೊಂಡು, ಸುತ್ತಿದ ನಾರಿನ ಮೇಲೆ ಬೆರಳಾಡಿಸಿದ. "ಮುದ್ರೆ ಒತ್ತೋ ಮುಂಚೆ ಬದಲಾಯಿಸಿದೆ ಸಾರ್. ಅಧ್ಯಕ್ಷರು ಹೇಳಿದ್ರು. ಸೋಪಿನ ವಾಸನೆ ನನಗೂ ಬಂತು. ಸುಳಿವು ಸಿಗದ ಹಾಗೆ ಬಿಚ್ಚಿ ಪೇಂಟ್ ಹಚ್ಚಿ ಮತ್ತೆ ಕೂಡಿಸಬಹುದಿತ್ತು. ಇಂಥಾ ಕೆಲಸ ಕೆಡಿಸೋಕೆ ಕೈ ಬರಲಿಲ್ಲ."

"ಅವರು ಹೇಳಿದರು ಅಂತ ಮಾಡಿಬಿಡೋದಾ?"

"ಇಪ್ಪತ್ತೆರಡು ವರ್ಷದ ಹಿಂದೆ ನಾನೂ ಇದೇ ಅಂಗಳದಲ್ಲಿ ಪೈಪ್ ಹಿಡ್ಕೊಂಡು ಸಾಲಲ್ಲಿ ನಿಂತಿದ್ದೆ. ನನ್ನ ಸರದಿ ಬರೋಷ್ಟರಲ್ಲಿ ಅವರು ಬಂದು, ಇವನು ನಮ್ಮೋನು, ಪರೀಕ್ಷೆ ಬೇಡ ಅಂದ್ರು. ಮಾಡಿದ್ರೂ ಪಾಸಾಗ್ತಿದ್ದೆ ಸಾರ್. ಅದು ಅವರಿಗೂ ಗೊತ್ತಿತ್ತು. ಪಾಸಾಗಿದ್ರೆ ಅವರ ಋಣದಲ್ಲಿ ಇರ್ತಿರಲಿಲ್ಲವಲ್ಲ."

ನಾಲ್ಕು ನಲವತ್ತಕ್ಕೆ ಅವನನ್ನು ಬಂಧಿಸಲಾಯಿತು. ಐದೂ ಹತ್ತಕ್ಕೆ ಇನ್‌ಸ್ಪೆಕ್ಟರ್ ಅಧ್ಯಕ್ಷರ ಮನೆಯ ಜಗಲಿ ಹತ್ತಿದರು.

"ನಿಮ್ಮನ್ನ ಹಾಕಿಸಿದವನ ಮನೆಗೇ ಬಂದ್ರಾ?"

"ಹೌದು ಸಾರ್. ಆ ಋಣ ಬಾಕಿ ಇರಲಿ. ನಾನು ತೀರಿಸೋದಿಲ್ಲ. ಚಪ್ಪಲಿ ಹಾಕ್ಕೊಳ್ಳಿ."

ಠಾಣೆಯ ಬೆಂಚಿನ ಮೇಲಿದ್ದ ಗುಮಾಸ್ತ, ಅಧ್ಯಕ್ಷರು ಒಳಗೆ ಬಂದದ್ದು ಕಂಡು ಅಭ್ಯಾಸಬಲದಿಂದ ಅರ್ಧ ಎದ್ದ. ಹಾಗೇ ಒಂದು ಕ್ಷಣ ಬಾಗಿ ನಿಂತಿದ್ದ. ಆಮೇಲೆ ಕೂತುಬಿಟ್ಟ.

ಐದೂ ಮೂವತ್ತೈದು. ಗಡಿಯಾರ ಅದನ್ನೂ ಬರೆದುಕೊಂಡ.