ಸ್ವಂತ ಕೈಬರಹದಲ್ಲೇ ಬರೆಯತಕ್ಕದ್ದು

"ವಿಜಯಶ್ರೀ, ಸುಮೇಧ. ಊಟ ಆದಮ್ಯಾಲೆ ಇಬ್ಬರೂ ಸ್ಟಾಫ್ ರೂಮಿಗೆ ಬರ್ರಿ."

ಶಕುಂತಲಾಬಾಯಿ ಮೇಡಂ ಇಷ್ಟೇ ಹೇಳಿ ಹೋದರು. ವಿಜಯಶ್ರೀ ಊಟದ ಡಬ್ಬಿ ತೆರೆಯಲೂ ಇಲ್ಲ.

ಬಸವಕಲ್ಯಾಣದ ಆ ಕಾಲೇಜಿನಲ್ಲಿ ಮೇಡಂ ಅಂದರೆ ಗುಡುಗು, ಅವರ ಅಸೈನ್‌ಮೆಂಟ್ ನಿಯಮಗಳು ಅಂದರೆ ಸಿಡಿಲು. ನೋಟಿಸ್ ಬೋರ್ಡಿನ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತೆ ಅಂಟಿಸಿದ್ದರು: ಗೆರೆಯಿಲ್ಲದ ಹಾಳೆ, ಎಡಕ್ಕೆ ಮಾರ್ಜಿನ್, ನೀಲಿ ಇಲ್ಲವೇ ಕಪ್ಪು ಶಾಯಿ. ಸ್ವಂತ ಕೈಬರಹದಲ್ಲೇ ಬರೆಯತಕ್ಕದ್ದು. ಒಬ್ಬರದನ್ನು ಇನ್ನೊಬ್ಬರು ಬರೆದುಕೊಟ್ಟರೆ ಇಬ್ಬರದೂ ರದ್ದು.

ರದ್ದಾದರೆ ಇಂಟರ್ನಲ್ ಮಾರ್ಕ್ಸ್ ಇಲ್ಲ. ಅದಿಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ಮಾಣಿಕನಗರದಲ್ಲಿ ಮಾಣಿಕಪ್ರಭು ಗುಡಿಯ ಮುಂದೆ ತೆಂಗಿನಕಾಯಿ ಅಂಗಡಿ ಇಟ್ಟಿರುವ ಅವಳ ಅಪ್ಪ ವೀರಭದ್ರ ಮೊದಲೇ ಹೇಳಿಬಿಟ್ಟಿದ್ದರು, "ಒಂದ್ ಸಲ ಫೇಲಾದ್ರೂ ಕಾಲೇಜ್ ಬಂದ್."

ತಪ್ಪು ಇವರಿಬ್ಬರದೇ. ಬಜ್ಜಿ ಕರಿಯುವಾಗ ಎಣ್ಣೆ ಸಿಡಿದು ವಿಜಯಶ್ರೀಯ ಬಲಗೈ ಸುಟ್ಟಿತ್ತು. ಮೇಡಂ ಹತ್ತಿರ ಹೋಗಿ ನಾಲ್ಕು ದಿನ ಹೆಚ್ಚಿಗೆ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಆಗ ಮುಂದೆ ಬಂದವನು ಸುಮೇಧ. ಹುಮನಾಬಾದಿನಿಂದ ಅವಳ ಬಸ್ಸಿನಲ್ಲೇ ಬರುವ ಸಹಪಾಠಿ. ದಿನಾ ಅವಳಿಗೆ ಕಿಟಕಿ ಸೀಟು ಹಿಡಿದಿಟ್ಟು, ತಾನೇನೂ ಹಿಡಿದಿಟ್ಟಿಲ್ಲ ಎನ್ನುವಂತೆ ಹೊರಗೆ ನೋಡುವ ಕಳ್ಳ.

"ನೀ ಹೇಳು, ನಾ ಬರೀತೀನಿ," ಎಂದಿದ್ದ.

ಲೈಬ್ರರಿಯ ಮೂಲೆಯಲ್ಲಿ ಅವಳು ತಾನು ಅಸೈನ್‌ಮೆಂಟಿಗೆ ಆರಿಸಿದ್ದ ಚಿಟಗುಪ್ಪದ ಸಂತೆಯ ಕುರಿತು ಹೇಳುತ್ತಾ ಹೋದಳು. ಕಾಯಿಪಲ್ಲೆ ಮಾರುವವರ ಜಗಳ, ಚೌಕಾಸಿ, ನಗು. ಅವನು ಬರೆಯುತ್ತಾ ನಡುನಡುವೆ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ.

"ಹಾಳಿ ನೋಡಿ ಬರಿ."

"ಹಾಳ್ಯಾಗ ಏನ್ ಅದ ನೋಡಾಕ?"

ಅವಳ ಕಿವಿ ಬಿಸಿಯಾಗಿತ್ತು. ಆ ಖುಷಿಯಲ್ಲಿ ಕೊನೆಯ ಹಾಳೆಗೆ ಎಡಗೈಯಿಂದ ಸೊಟ್ಟ ಸಹಿ ಹಾಕಿ ಕೊಟ್ಟುಬಿಟ್ಟಿದ್ದಳು. ಒಮ್ಮೆಯೂ ತಿರುವಿ ನೋಡಿರಲಿಲ್ಲ.

ಈಗ ಸ್ಟಾಫ್ ರೂಮಿನ ಬಾಗಿಲಲ್ಲಿ ಅವಳು ಅವನನ್ನು ತಡೆದು ನಿಲ್ಲಿಸಿದಳು.

"ಮೇಡಂಗ ಹ್ಯಾಂಗ ಗೊತ್ತಾಯ್ತು?"

"ನೀ ಸುಮ್ನಿರು. ನಾನೇ ಜಬರ್ದಸ್ತಿ ಬರದೀನಿ ಅಂತೀನಿ."

"ನೀ ಹೀರೋ ಆದ್ರ ನಂದು ಉಳೀತದೇನು?"

ಅಷ್ಟರಲ್ಲಿ ಒಳಗಿಂದ ಮೇಡಂ ಕರೆದರು.

ಮೇಡಂ ಅವಳ ಅಸೈನ್‌ಮೆಂಟನ್ನು ಟೇಬಲ್ ಮೇಲಿಟ್ಟು ಮೊದಲ ಹಾಳೆಯ ನೆತ್ತಿಗೆ ಬೆರಳಿಟ್ಟರು. ಅಲ್ಲಿ ಸಣ್ಣಗೆ 'ಜೈಭೀಮ್' ಎಂದಿತ್ತು.

ಸುಮೇಧನ ಮನೆಯಲ್ಲಿ ಯಾರೂ ಅದನ್ನು ಬರೆಯದೆ ಹಾಳೆ ಶುರುಮಾಡುವುದಿಲ್ಲ. ಅಕ್ಷರ ಕಲಿತಾಗಿನಿಂದ ಬಂದ ರೂಢಿ. ತನ್ನ ಕೈಬರಹವೆಂದು ಗೊತ್ತಾಗದಿರಲೆಂದು ಅಕ್ಷರದ ಓರೆಯನ್ನೆಲ್ಲ ಜಾಗ್ರತೆಯಿಂದ ಬದಲಿಸಿದವನು ಇದನ್ನು ಮಾತ್ರ ತನಗೇ ಗೊತ್ತಿಲ್ಲದೆ ಬರೆದಿದ್ದ.

"ವಿಜಯಶ್ರೀ, ಹೋದ ಸಲ ಇದೇ ಜಾಗಾದಾಗ ಶ್ರೀ ಮಾಣಿಕಪ್ರಭು ಅಂತ ಬರದು ನನ್ನ ಕಡಿಂದ ಬೈಸಿಕೊಂಡಿದ್ದಿ. ಈ ಸಲ ಸುಮೇಧನ ಹಾಳಿ ಮ್ಯಾಲಿಂದು ಇಲ್ಲಿ ಹ್ಯಾಂಗ ಬಂತು?"

"ಮೇಡಂ, ತಪ್ಪು ನಂದ್ರಿ..." ಸುಮೇಧ ಶುರುಮಾಡಿದ.

"ನಂದ್ರಿ," ಎಂದು ಅವಳು ನಡುವೆ ಬಾಯಿ ಹಾಕಿದಳು. ಅಂಗೈ ಬಿಚ್ಚಿ ತೋರಿಸಿದಳು. ಸುಟ್ಟ ಕಲೆ ಇನ್ನೂ ಕೆಂಪಗಿತ್ತು. "ಕೈ ಸುಟ್ಟಿತ್ರಿ. ನಿಮ್ಮನ್ನ ಕೇಳಾಕ ಅಂಜಿದೆ. ಮಾತು ನಂದು, ಬರದಾಂವ ಇವ. ರದ್ದು ಮಾಡೂದಿದ್ರ ನಂದೊಂದೇ ಮಾಡ್ರಿ."

ಮೇಡಂ ಅವಳನ್ನು ಬಿಟ್ಟು ಸುಮೇಧನ ಕಡೆ ತಿರುಗಿದರು.

"ನಿಂದೂ ರದ್ದಾಗ್ತದಂತ ಗೊತ್ತಿದ್ದೂ ಬರದಿ. ಈಕಿ ನಿನಗ ಏನಾಗಬೇಕು?"

ಪಕ್ಕದ ಟೇಬಲ್ಲಿನಲ್ಲಿ ಪೇಪರ್ ಓದುತ್ತಿದ್ದ ನಾಗನಾಥ ಸರ್ ಹಾಳೆ ತಿರುವುವುದನ್ನು ನಿಲ್ಲಿಸಿದರು. ಅವನು 'ಕ್ಲಾಸ್‌ಮೇಟ್' ಎಂದುಬಿಡಲಿ, ಸಾಕು ಎಂದು ವಿಜಯಶ್ರೀ ಬೇಡಿಕೊಂಡಳು. ಹಾಗೆ ಎಂದೇಬಿಟ್ಟರೆ ಎಂದು ಅದಕ್ಕಿಂತ ಹೆಚ್ಚು ಹೆದರಿದಳು.

"ಭಾಳ ಬೇಕಾದಾಕಿರಿ," ಎಂದ ಸುಮೇಧ, ನೆಲ ನೋಡುತ್ತಾ. "ಈಕಿಗೇ ಇನ್ನಾ ಹೇಳಿಲ್ರಿ."

"ನೀ ಏನಂತಿ?" ಮೇಡಂ ಅವಳನ್ನು ಕೇಳಿದರು.

ಅಪ್ಪನ ಮುಖ, ಮಾಣಿಕನಗರದ ಮಂದಿಯ ಬಾಯಿ ಎಲ್ಲ ಕಣ್ಣ ಮುಂದೆ ಸುಳಿದವು.

"ನನಗೂ ಹಂಗೇ ರೀ."

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಅದಕ್ಕ ನನ್ನ ಕಡೆ ಮಾರ್ಕ್ಸ್ ಇಲ್ಲ," ಎಂದು ಡ್ರಾಯರಿನಿಂದ ಬಿಳಿ ಹಾಳೆ ತೆಗೆದರು. "ಇಬ್ಬರದೂ ರದ್ದು. ನನ್ನ ಮುಂದ ಕೂತು ಹೊಸದಾಗಿ ಬರೀರಿ. ತಡ ಮಾಡಿದ್ದಕ್ಕ ಮಾರ್ಕ್ಸ್ ಕಟ್. ಪರೀಕ್ಷಾಕ್ಕ ಕೂಡಾಕ ಸಾಲ್ತಾವ."

ಟೇಬಲ್ಲಿನ ಆ ತುದಿಗೆ ಅವನು, ಈ ತುದಿಗೆ ಇವಳು. ಅಂಗೈ ಚುರುಗುಟ್ಟಿದರೂ ಸಂತೆಯ ಮಾತೆಲ್ಲ ತಪ್ಪದೆ ಬಂತು. ಕಾಲೇಜು ಬಿಟ್ಟು ಎಷ್ಟೋ ಹೊತ್ತಿನ ಮೇಲೆ ಮೇಡಂ ಎರಡನ್ನೂ ಓದಿ, ಸಹಿ ಹಾಕಿ ಒಳಗಿಟ್ಟುಕೊಂಡರು.

ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಎದುರು ಬಂದವರಲ್ಲೆಲ್ಲ ಅವಳಿಗೆ ಅಪ್ಪನ ಗುರುತಿನವರೇ ಕಂಡರು. ಕೊನೆಗೆ ಸುಮೇಧ ತಡೆಯಲಾರದೆ ಕೇಳಿದ.

"ಖರೇ ಹೇಳು. ಒಳಗ ಹಂಗಂದಿ, ಮೇಡಂಗ ಅಂಜಿ ಅಂದೇನು?"

"ಅಂಜಿದ್ದು ಖರೇ," ಎಂದಳು ವಿಜಯಶ್ರೀ, ಈ ಸಲ ಅವನ ಮುಖವನ್ನೇ ನೋಡುತ್ತಾ. "ಅದಕ್ಕೇ ಇಲ್ಲ ಅನ್ನಬೇಕಂತ ಬಾಯಿ ತಗದಿದ್ದೆ. ಆ ಮಾತು ಬರಲಿಲ್ಲ."